ಪ್ಲಾಸ್ಟಿಕ್ ದಾನದ ಯಂತ್ರ ಕೊಳ್ಳುವ ಮುಂಚೆ ಚೀಲ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಊರು. ಸುತ್ತಮುತ್ತ ರೈಸ್ ಮಿಲ್‌ಗಳು ಬೇಕಾದಷ್ಟಿವೆ. ಗೊಬ್ಬರದ ಚೀಲ, ಸಿಮೆಂಟ್ ಚೀಲ, ಹಿಂಡಿ ಚೀಲ, ಅಕ್ಕಿ ಚೀಲ, ಎಲ್ಲವೂ ರಾಶಿ ಬೀಳುತ್ತವೆ. ಗುಜರಿಯವರು ಸಿಕ್ಕ ಬೆಲೆಗೆ ಒಯ್ಯುತ್ತಾರೆ, ಉಳಿದದ್ದನ್ನು ಜನ ಸುಡುತ್ತಾರೆ. ಈ ನೇಯ್ದ ಪ್ಲಾಸ್ಟಿಕ್ ಚೀಲಗಳನ್ನು ಕರಗಿಸಿ ದಾನ, ಅಂದರೆ ಮತ್ತೆ ಸಾಮಾನು ಮಾಡಲು ಬಳಸುವ ಪ್ಲಾಸ್ಟಿಕ್ ಕಾಳು, ಮಾಡುವ ಸಣ್ಣ ಘಟಕ ಹಾಕಬೇಕೆಂದಿದ್ದೇನೆ. ಯಂತ್ರ ಮಾರುವವರು "ಯಾವ ಚೀಲ ಹಾಕಿದರೂ ನಡೆಯುತ್ತೆ" ಅನ್ನುತ್ತಾರೆ. ನಿಜವಾ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರು ಹೇಳಿದ್ದು ಅರ್ಧ ನಿಜ. ಯಾವ ಚೀಲ ಹಾಕಿದರೂ ಯಂತ್ರ ನಡೆಯುತ್ತೆ. ಮಾರುಕಟ್ಟೆಯಲ್ಲಿ ನಡೆಯದೇ ಹೋಗುವುದು ಅದರಿಂದ ಬಂದ ದಾನ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತವನು. ಈ ಕಸುಬಿಗೆ ಬಂದ ಹೊಸತರಲ್ಲಿ ಒಂದು ಲಾರಿ ಗೊಬ್ಬರದ ಚೀಲ ಅಗ್ಗಕ್ಕೆ ಸಿಕ್ಕಿತು. ಒಳಗಿನ ತೆಳು ಚೀಲ ತೆಗೆಯದೆ ಹಾಗೇ ಕತ್ತರಿಸಿ, ತೊಳೆದು, ಕರಗಿಸಿದೆವು. ದಾನ ನೋಡಲು ಚೆನ್ನಾಗಿಯೇ ಇತ್ತು. ಬಕೆಟ್ ಮಾಡುವವರು ಕೊಂಡುಕೊಂಡರು. ಹದಿನೈದು ದಿನಕ್ಕೆ ಪೂರ್ತಿ ಮಾಲು ವಾಪಸ್ ಬಂತು. ಬಕೆಟ್ಟಿನ ಗೋಡೆ ಉಗುರಿನಲ್ಲಿ ಕೆರೆದರೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತಿತ್ತು. ತಪ್ಪು ಯಂತ್ರದ್ದಲ್ಲ, ನಮ್ಮದು. ಎರಡು ಬೇರೆ ಪ್ಲಾಸ್ಟಿಕ್ ಬೆರೆಸಿದ್ದೆವು.

ಹಾಗಾಗಿ ಮೊದಲು ಚೀಲದಲ್ಲಿ ಏನೇನಿದೆ ಅಂತ ನೋಡೋಣ.

ಬಟ್ಟೆಯಂತೆ ಕಾಣುವ ಆ ನೇಯ್ಗೆ ಬಹುತೇಕ ಪಾಲಿಪ್ರೊಪಿಲೀನ್. ಬಾಯಿಮಾತಿನಲ್ಲಿ ಪಿಪಿ. ಇದರ ಹೊಸ ಮಾಲು ನಮ್ಮಲ್ಲೇ ಆಗುತ್ತದೆ. ಮಂಗಳೂರಿನ ತೈಲ ಸಂಸ್ಕರಣಾ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಪಿಪಿ ಮಾಡುವ ಘಟಕ 2015ರಿಂದ ಇದೆ. ಚೀಲದ ಕಾರ್ಖಾನೆಯಲ್ಲಿ ಈ ಪಿಪಿಯನ್ನು ಮೊದಲು ಹಾಳೆ ಮಾಡಿ, ಸಣ್ಣ ಪಟ್ಟಿಗಳಾಗಿ ಸೀಳುತ್ತಾರೆ. ಆಮೇಲೆ ಬಿಸಿಯಲ್ಲಿ ಐದಾರು ಪಟ್ಟು ಎಳೆಯುತ್ತಾರೆ. ಆ ಎಳೆತದಲ್ಲೇ ಚೀಲದ ಶಕ್ತಿ ಇರುವುದು. ಅಡ್ಡಾದಿಡ್ಡಿ ಬಿದ್ದಿದ್ದ ಅಣುಸರಪಳಿಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಅದಕ್ಕೇ 70-80 ಗ್ರಾಂ ತೂಕದ ಚೀಲ 50 ಕಿಲೋ ಸಿಮೆಂಟ್ ಹೊರುತ್ತದೆ. ನೀವು ಅದನ್ನು ಕರಗಿಸಿದ ಕ್ಷಣ ಆ ಸಾಲು ಕಲಸಿಹೋಗುತ್ತದೆ. ಅಂದರೆ ನಿಮ್ಮ ಕೈಗೆ ವಾಪಸ್ ಬರುವುದು ಪ್ಲಾಸ್ಟಿಕ್ ಮಾತ್ರ, ಚೀಲದ ಶಕ್ತಿ ಅಲ್ಲ. "ಇಷ್ಟು ಗಟ್ಟಿ ಚೀಲ, ದಾನವೂ ಗಟ್ಟಿ ಇರುತ್ತೆ" ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಇನ್ನೊಂದು ವಿಷಯ. ಪ್ರತಿ ಸಲ ಕರಗಿಸಿದಾಗಲೂ ಪಿಪಿಯ ಸರಪಳಿ ಸ್ವಲ್ಪ ತುಂಡಾಗುತ್ತದೆ. ಬಿಸಿ, ಗಾಳಿ, ಕರಗಿಸುವ ಯಂತ್ರದ ಸ್ಕ್ರೂ ತಿರುಗುವ ಉಜ್ಜಾಟ, ಮೂರೂ ಸೇರಿ ಅದನ್ನು ಕಡಿಯುತ್ತವೆ. ಕರಗಿದ ಮಾಲು ತೆಳ್ಳಗಾಗುತ್ತದೆ, ಬೇಗ ಹರಿಯುತ್ತದೆ. ಇದನ್ನು ಅಳೆಯುವುದಕ್ಕೆ ಎಂಎಫ್‌ಐ ಅನ್ನುವ ಪರೀಕ್ಷೆ ಇದೆ. 230 ಡಿಗ್ರಿ ಬಿಸಿಯಲ್ಲಿ, 2.16 ಕಿಲೋ ಭಾರ ಇಟ್ಟು, ಸಣ್ಣ ತೂತಿನಿಂದ ಹತ್ತು ನಿಮಿಷದಲ್ಲಿ ಎಷ್ಟು ಗ್ರಾಂ ಇಳಿಯಿತು ಅಂತ ತೂಗುತ್ತಾರೆ. ಚೀಲದ ಹೊಸ ಪಿಪಿಯಲ್ಲಿ ಈ ಅಂಕಿ 3ರ ಸುತ್ತ ಇರುತ್ತದೆ. ಬಿಸಿಲಲ್ಲಿ ಬಿದ್ದ ಚೀಲವನ್ನು ಕರಗಿಸಿದರೆ ಮೇಲಕ್ಕೆ ಹೋಗುತ್ತದೆ. ಮೇಲೆ ಹೋದದ್ದೆಲ್ಲ ಕೆಟ್ಟದ್ದು ಅಂತಲ್ಲ. ಅಚ್ಚಿನಲ್ಲಿ ಒತ್ತಿ ಸಾಮಾನು ಮಾಡುವವರಿಗೆ ಬೇಗ ಹರಿಯುವ ಮಾಲೇ ಬೇಕು. ಹಗ್ಗ, ಪಟ್ಟಿ ಎಳೆಯುವವರಿಗೆ ಬೇಡ. ದಾನ ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಯೇ "ಎಂಎಫ್‌ಐ ಎಷ್ಟು?" ಉತ್ತರ ಗೊತ್ತಿಲ್ಲದವರಿಗೆ ಬೆಲೆ ಅವರೇ ಕಟ್ಟುತ್ತಾರೆ.

ಈಗ ನಿಮ್ಮ ರಾಶಿಗೆ ಬರೋಣ.

ನಿಮ್ಮಲ್ಲಿ ಜಾಸ್ತಿ ಇರುವುದು ಬಣ್ಣದ ಚಿತ್ರ ಇರುವ, ಹೊಳೆಯುವ ಅಕ್ಕಿ ಚೀಲ ಇರಬೇಕು. 25 ಕಿಲೋದ್ದು. ಇದರ ಮೇಲೆ ಬಿಒಪಿಪಿ ಅನ್ನುವ ತೆಳು ಹಾಳೆ ಅಂಟಿಸಿರುತ್ತಾರೆ. ಆ ಹಾಳೆಯೂ ಪಿಪಿಯೇ. ಹಾಗಾದರೆ ತೊಂದರೆ ಇಲ್ಲ ಅಲ್ವಾ ಅಂತ ನಿಮಗನಿಸಬಹುದು. ತೊಂದರೆ ಶಾಯಿಯದ್ದು. ಚಿತ್ರವನ್ನು ಹಾಳೆಯ ಒಳಮುಖಕ್ಕೆ ಮುದ್ರಿಸಿ ನೇಯ್ಗೆಗೆ ಅಂಟಿಸಿರುತ್ತಾರೆ. ಉಜ್ಜಿದರೆ ಅಳಿಸಬಾರದು ಅಂತಲೇ ಹಾಗೆ ಮಾಡುವುದು. ಅಂದಮೇಲೆ ನೀವು ಎಷ್ಟು ತೊಳೆದರೂ ಶಾಯಿ ಹೋಗುವುದಿಲ್ಲ. ಕರಗಿಸುವಾಗ ಅದು ಸುಟ್ಟು ಗಾಳಿಯಾಗುತ್ತದೆ, ದಾನದಲ್ಲಿ ಗುಳ್ಳೆ ಏಳುತ್ತದೆ, ಬಣ್ಣ ಕೆಸರಿನ ಹಾಗೆ ಆಗುತ್ತದೆ. ಈ ಚೀಲದಿಂದ ಕಪ್ಪು ಮಾಲಷ್ಟೇ ಆಗುತ್ತೆ ಅಂತ ಮೊದಲೇ ಒಪ್ಪಿಕೊಂಡುಬಿಡಿ. ಗಾಳಿ ಎಳೆದು ಹೊರಹಾಕುವ ಕಿಂಡಿ, ಅಂದರೆ ವೆಂಟ್ ಇರುವ ಎಕ್ಸ್‌ಟ್ರೂಡರ್ (ಬ್ಯಾರೆಲ್ ಅನ್ನುವ ಬಿಸಿ ಕೊಳವೆಯೊಳಗೆ ಸ್ಕ್ರೂ ತಿರುಗಿಸಿ ಮಾಲು ಕರಗಿಸುವ ಯಂತ್ರ) ಇಲ್ಲದೆ ಇದನ್ನು ಮುಟ್ಟಬೇಡಿ.

ಸಾದಾ ಬಿಳಿ ಚೀಲ, ಒಂದೇ ಬಣ್ಣದ ಅಚ್ಚು ಇರುವುದು, ಮೇಲ್ಪದರ ಇಲ್ಲದ್ದು ಒಳ್ಳೆಯ ಮಾಲು. ಅದಕ್ಕಿಂತ ಒಳ್ಳೆಯದು ಜಂಬೋ ಚೀಲ, ಒಂದು ಟನ್ ಹಿಡಿಯುವ ದೊಡ್ಡದು. ಒಂದೊಂದೇ ಎರಡು ಕಿಲೋ ಆಸುಪಾಸು ತೂಗುತ್ತದೆ. ಒಂದು ಜಂಬೋ ಆಯ್ದರೆ ಇಪ್ಪತ್ತೈದು ಸಿಮೆಂಟ್ ಚೀಲ ಆಯ್ದ ಹಾಗೆ. ಆದರೆ ಒಳಗೆ ಏನಿತ್ತು ಅಂತ ಕೇಳದೆ ತರಬೇಡಿ. ಉಪ್ಪು, ಸಕ್ಕರೆ, ಪ್ಲಾಸ್ಟಿಕ್ ದಾನ ಇದ್ದದ್ದಾದರೆ ಸರಿ. ವಿಷದ ಪುಡಿ ಇದ್ದದ್ದಾದರೆ ಬಿಟ್ಟಿ ಕೊಟ್ಟರೂ ಬೇಡ. ಕೀಟನಾಶಕದ ಚೀಲ, ಔಷಧಿ ಸವರಿದ ಬೀಜದ ಚೀಲಕ್ಕೂ ಇದೇ ಮಾತು.

ಸಿಮೆಂಟ್ ಚೀಲದ ಬಗ್ಗೆ ಒಂದೇ ನಿಯಮ: ಒಣಗಿದ್ದಾಗಲೇ ಒದರಬೇಕು. ನೇರ ನೀರಿಗೆ ಹಾಕಿದರೆ ಸಿಮೆಂಟು ಮಾಡಬೇಕಾದ ಕೆಲಸವನ್ನೇ ಮಾಡುತ್ತದೆ. ಪೈಪಿನಲ್ಲಿ, ತೊಟ್ಟಿಯ ತಳದಲ್ಲಿ, ಎಳೆಗಳ ನಡುವೆ ಗಟ್ಟಿ ಕೂರುತ್ತದೆ. ಉಳಿ ಸುತ್ತಿಗೆ ಹಿಡಿದು ತೊಟ್ಟಿ ಒಡೆಯುವ ಕೆಲಸ ಯಾರಿಗೂ ಬೇಡ. ತಿರುಗುವ ಜಾಲರಿ ಡ್ರಮ್ಮಿನಲ್ಲಿ ಹಾಕಿ ಧೂಳು ಉದುರಿಸಿ. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ. ಟವೆಲ್ ಕಟ್ಟಿಕೊಂಡರೆ ಸಾಲದು. ಆ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಆಗಿಬರುವುದಿಲ್ಲ.

ಗೊಬ್ಬರದ ಚೀಲದಲ್ಲಿ ಮೂರು ತಲೆನೋವು. ಒಂದು, ಒಳಚೀಲ. ಅದು ಪಾಲಿಥೀನ್. ಪಿಪಿಯ ಜೊತೆ ಕರಗಿದಂತೆ ಕಂಡರೂ ಬೆರೆಯುವುದಿಲ್ಲ. ನನ್ನ ಬಕೆಟ್ ಕಥೆ ಅದೇ. ಎರಡು, ಉಳಿದ ಗೊಬ್ಬರ. ಯೂರಿಯಾ 133 ಡಿಗ್ರಿಗೇ ಕರಗಿ ಅಮೋನಿಯಾ ಬಿಡಲು ಶುರು ಮಾಡುತ್ತದೆ. ನಿಮ್ಮ ಬ್ಯಾರೆಲ್ 210-220 ಡಿಗ್ರಿಯಲ್ಲಿ ಇರುತ್ತದೆ. ಶೆಡ್ಡಿನಲ್ಲಿ ಕಣ್ಣು ಬಿಡಲಾಗುವುದಿಲ್ಲ. ಪೊಟ್ಯಾಷ್ ಇನ್ನೂ ಮೋಸದ್ದು. ಅದರಲ್ಲಿರುವ ಕ್ಲೋರೈಡ್ ಸ್ಕ್ರೂ, ಬ್ಯಾರೆಲ್ಲಿನ ಉಕ್ಕನ್ನು ಸದ್ದಿಲ್ಲದೆ ತಿನ್ನುತ್ತದೆ. ಎರಡೂ ನೀರಲ್ಲಿ ಕರಗುವ ಸರಕು, ಆದ್ದರಿಂದ ಚೆನ್ನಾಗಿ ತೊಳೆದರೆ ಹೋಗುತ್ತವೆ. ಆದರೆ ಆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದೂ ನಿಮ್ಮದೇ ಜವಾಬ್ದಾರಿ. ಕಾಲುವೆಗೆ ಬಿಟ್ಟರೆ ಪಾಚಿ ಬೆಳೆಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಕುಡಿಯುವ ಊರುಗಳ ಮಧ್ಯೆ ನೀವಿದ್ದೀರಿ, ನೆನಪಿರಲಿ.

ಮೂರನೆಯದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಗೊಬ್ಬರ, ಸಿಮೆಂಟ್ ಎರಡಕ್ಕೂ ಪಿಪಿ ಚೀಲವೂ ಇರಬಹುದು, ಎಚ್‌ಡಿಪಿಇ (ಗಟ್ಟಿ ಜಾತಿಯ ಪಾಲಿಥೀನ್) ಚೀಲವೂ ಇರಬಹುದು. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡದಲ್ಲಿ ಎರಡಕ್ಕೂ ಅವಕಾಶ ಇದೆ. ನೋಡಲು ಎರಡೂ ಒಂದೇ ಥರ. ಸುಟ್ಟು ಮೂಸಿ ನೋಡಿ ಹೇಳುತ್ತೇವೆ ಅನ್ನುವವರು ಸಿಗುತ್ತಾರೆ, ನಂಬಬೇಡಿ. ಎರಡೂ ಮೇಣದಬತ್ತಿಯ ವಾಸನೆಯನ್ನೇ ಕೊಡುತ್ತವೆ. ನೀರಲ್ಲಿ ಹಾಕಿದರೂ ಎರಡೂ ತೇಲುತ್ತವೆ.

ಇದಕ್ಕೆ ಸುಲಭದ ಉಪಾಯ ಒಂದಿದೆ. ಬಿಸಿ ಎಷ್ಟು ಅಂತ ತೋರಿಸುವ ಸಣ್ಣ ಹಾಟ್‌ಪ್ಲೇಟ್ ತಂದು 145 ಡಿಗ್ರಿಗೆ ಇಡಿ. ಚೀಲದ ಒಂದು ಎಳೆ ಅದರ ಮೇಲೆ ಹಾಕಿ. ಎಚ್‌ಡಿಪಿಇ 130ರ ಸುಮಾರಿಗೇ ಕರಗುವುದರಿಂದ ಹನಿಯಾಗುತ್ತದೆ. ಪಿಪಿ 160 ದಾಟುವ ತನಕ ಕರಗುವುದಿಲ್ಲ. ಎಳೆದ ಪಟ್ಟಿಯಾದ್ದರಿಂದ ಮುದುಡಿಕೊಳ್ಳುತ್ತದೆ ಅಷ್ಟೆ. ಮುದುಡಿದ್ದನ್ನು ಕರಗಿತು ಅಂದುಕೊಳ್ಳಬೇಡಿ, ಕಡ್ಡಿಯಿಂದ ಒತ್ತಿ ನೋಡಿ. ಒಂದು ಕಂಪನಿಯ ಒಂದು ಲಾಟ್ ಚೀಲಕ್ಕೆ ಒಂದು ಪರೀಕ್ಷೆ ಮಾಡಿದರೂ ಸಾಕು. ಆಯುವ ಹೆಂಗಸರು ಎರಡು ವಾರದಲ್ಲಿ ಯಾವ ಬ್ರ್ಯಾಂಡಿನ ಚೀಲ ಯಾವುದು ಅಂತ ಮುಟ್ಟಿಯೇ ಹೇಳುತ್ತಾರೆ. ಅವರ ಕೈ ನಿಮ್ಮ ಯಂತ್ರಕ್ಕಿಂತ ಬೆಲೆಯುಳ್ಳದ್ದು, ಸಂಬಳವೂ ಹಾಗೇ ಇರಲಿ.

ಮತ್ತೊಂದು ಗುಟ್ಟು ಸುಣ್ಣದ ಪುಡಿಯದ್ದು. ಪಟ್ಟಿ ಸೀಳಿ ಹೋಗದಿರಲಿ ಅಂತಲೂ, ಖರ್ಚು ಇಳಿಯಲಿ ಅಂತಲೂ ಚೀಲ ಮಾಡುವವರು ಪಿಪಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ಸ್ವಲ್ಪ ಬೆರೆಸಿದರೆ ಒಳ್ಳೆಯದೇ. ಅಗ್ಗದ ಚೀಲದಲ್ಲಿ ಕೈ ಬಿಗಿ ಇರುವುದಿಲ್ಲ. ಪಿಪಿಯ ಸಾಂದ್ರತೆ ಸುಮಾರು 0.9, ಸುಣ್ಣದ ಪುಡಿಯದ್ದು 2.7. ತೂಕದಲ್ಲಿ ನೂರಕ್ಕೆ 15 ಪಾಲು ಪುಡಿ ದಾಟಿತು ಅಂದರೆ ಪಿಪಿಯೂ ನೀರಲ್ಲಿ ಮುಳುಗುತ್ತದೆ! "ಪಿಪಿ ತೇಲುತ್ತೆ, ಮುಳುಗಿದ್ದೆಲ್ಲ ಕಸ" ಅಂತ ಕಣ್ಣು ಮುಚ್ಚಿ ತೊಟ್ಟಿ ಬಳಿದುಹಾಕುವವರು ಈ ಮಾಲನ್ನು ಎಸೆಯುತ್ತಿರುತ್ತಾರೆ. ಅಥವಾ ಪುಡಿ ಕಡಿಮೆ ಇದ್ದು ಮಾಲು ತೇಲಿದರೆ, ಆ ಪುಡಿ ದಾನದೊಳಗೆ ಸೇರಿ, ಕೊಂಡವರ ಅಚ್ಚಿನಲ್ಲಿ ತೂಕ ಜಾಸ್ತಿ ಬರುತ್ತದೆ. ಎಷ್ಟಿದೆ ಅಂತ ತಿಳಿಯಲು ಬೂದಿ ಪರೀಕ್ಷೆ ಇದೆ. ಹತ್ತು ಗ್ರಾಂ ಮಾಲನ್ನು ಕುಲುಮೆಯಲ್ಲಿ 600 ಡಿಗ್ರಿ ಒಳಗೆ ಪೂರ್ತಿ ಸುಟ್ಟರೆ ಪ್ಲಾಸ್ಟಿಕ್ ಹೋಗುತ್ತದೆ, ಬಿಳಿ ಪುಡಿ ಉಳಿಯುತ್ತದೆ. ಒಂದು ಗ್ರಾಂ ಉಳಿದರೆ ನೂರಕ್ಕೆ ಹತ್ತು. ಮನೆಯ ಒಲೆಯಲ್ಲಿ ಮಾಡಬೇಡಿ. ಪ್ಲಾಸ್ಟಿಕ್ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಸ್ಥೆಯಾದ ಮೈಸೂರಿನ ಸಿಪೆಟ್‌ನಲ್ಲಿ ಈ ಪರೀಕ್ಷೆ, ಎಂಎಫ್‌ಐ ಎರಡನ್ನೂ ಶುಲ್ಕ ತೆಗೆದುಕೊಂಡು ಮಾಡಿಕೊಡುತ್ತಾರೆ.

ಕೆಲಸದ ಸಾಲು ಇನ್ನು ಸರಳ. ಆಯಬೇಕು, ಹೊಲಿಗೆ ಬಿಚ್ಚಬೇಕು, ಒದರಬೇಕು, ಕತ್ತರಿಸಬೇಕು, ತೊಳೆಯಬೇಕು, ಹಿಂಡಬೇಕು, ಕರಗಿಸಬೇಕು. ಹೊಲಿಗೆ ದಾರವನ್ನು ಯಾಕೆ ಬಿಚ್ಚುವುದು ಅಂದರೆ ಅದು ಹತ್ತಿಯದ್ದೋ ಪಾಲಿಯೆಸ್ಟರಿನದ್ದೋ ಇರುತ್ತದೆ. ಹತ್ತಿ ಸುಟ್ಟು ಕರಿಯಾಗುತ್ತದೆ. ಪಾಲಿಯೆಸ್ಟರ್ ಪಿಪಿಯ ಬಿಸಿಗೆ ಕರಗುವುದೇ ಇಲ್ಲ, ಕರಗಿದ ಮಾಲು ಸೋಸುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷಕ್ಕೊಮ್ಮೆ ಜಾಲರಿ ಬದಲಿಸುತ್ತಾ ಕೂರಬೇಕು. ಚೀಲದ ಬಾಯಿ, ತಳ ಎರಡನ್ನೂ ಎರಡು ಬೆರಳಗಲ ಕತ್ತರಿಸಿ ತೆಗೆದರೆ ಈ ಕಾಟ ಮುಗಿಯಿತು. ತೂಕದಲ್ಲಿ ಸ್ವಲ್ಪ ಹೋಗುತ್ತದೆ, ಹೋಗಲಿ.

ಗ್ರೈಂಡರ್ ಬಗ್ಗೆ ಒಂದು ಮಾತು. ನೇಯ್ದ ಚೀಲ ಬಾಟಲಿಯಂತೆ ಮುರಿಯುವುದಿಲ್ಲ. ಎಳೆ ಎಳೆಯಾಗಿ ಬಿಚ್ಚಿಕೊಂಡು ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಬ್ಲೇಡು ಸ್ವಲ್ಪ ಮೊಂಡಾದರೂ ಸಾಕು, ಗ್ರೈಂಡರ್ ಕತ್ತರಿಸುವುದಿಲ್ಲ, ಜಗಿಯುತ್ತದೆ. ಬ್ಲೇಡು ಮಸೆಯುವ ವ್ಯವಸ್ಥೆ ನಿಮ್ಮ ಊರಲ್ಲೇ ಇರಬೇಕು. ಅದಕ್ಕಾಗಿ ಹೊಸಪೇಟೆಗೋ ಹುಬ್ಬಳ್ಳಿಗೋ ಕಳಿಸುತ್ತಾ ಕೂತರೆ ತಿಂಗಳಲ್ಲಿ ಎಂಟು ದಿನ ಯಂತ್ರ ನಿಂತಿರುತ್ತದೆ.

ತೊಳೆದ ಮೇಲೆ ಹಿಂಡುವುದನ್ನು ಹಗುರಾಗಿ ನೋಡಬೇಡಿ. ಪಿಪಿ ನೀರು ಕುಡಿಯುವುದಿಲ್ಲ, ನಿಜ. ಆದರೆ ಆ ಚೂರುಗಳ ಮಡಿಕೆಯಲ್ಲಿ ಬೇಕಾದಷ್ಟು ನೀರು ಕೂತಿರುತ್ತದೆ. ಬ್ಯಾರೆಲ್ಲಿಗೆ ಹೋದ ಕೂಡಲೇ ಅದು ಹಬೆ. ದಾನ ಸ್ಪಂಜಿನ ಹಾಗೆ ತೂತಾಗಿ ಬರುತ್ತದೆ. ಮಳೆಗಾಲದಲ್ಲಿ ಅಂಗಳದಲ್ಲಿ ಒಣಗಿಸುತ್ತೇನೆ ಅನ್ನುವ ಯೋಜನೆ ಬೇಡ. ಬಿಗಿಯಾಗಿ ಹಿಂಡುವ ಸ್ಕ್ವೀಜರ್ ಇರಲಿ, ಇಲ್ಲವೇ ಚೂರನ್ನು ಉಜ್ಜಾಟದ ಬಿಸಿಯಲ್ಲೇ ಒಣಗಿಸಿ ಉಂಡೆ ಕಟ್ಟುವ ಅಗ್ಲೊಮರೇಟರ್ ಇರಲಿ. ಎರಡನೆಯದು ಅಗ್ಗ, ಆದರೆ ಕರೆಂಟ್ ತಿನ್ನುತ್ತದೆ. ಮಾಲನ್ನೂ ಒಂದು ಸುತ್ತು ಜಾಸ್ತಿ ಬೇಯಿಸುತ್ತದೆ. ದುಡ್ಡಿದ್ದರೆ ಮೊದಲನೆಯದೇ ಸರಿ ಅನ್ನುವವನು ನಾನು.

ಕರಗಿಸುವಾಗ ತಾಪ ಏರಿಸಿ ಉತ್ಪಾದನೆ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ. ಹಳೆಯ ಮಾಲಿನಲ್ಲಿ ರಕ್ಷಣೆಗೆಂದು ಹಾಕಿದ ಆಂಟಿಆಕ್ಸಿಡೆಂಟ್ ಬಹಳಷ್ಟು ಖಾಲಿಯಾಗಿರುತ್ತದೆ. ಟನ್ನಿಗೆ ಒಂದೆರಡು ಕಿಲೋ ಹೊಸದು ಬೆರೆಸಿದರೆ ಎಂಎಫ್‌ಐ ಏರುವುದು ಕಡಿಮೆಯಾಗುತ್ತದೆ. ಇದಕ್ಕೆ ಖರ್ಚು ಮಾಡದವರೇ ಜಾಸ್ತಿ. ಹೊಲದ ಬದುವಿನಲ್ಲಿ ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದು ಮುಟ್ಟಿದರೆ ಪುಡಿ ಉದುರುವ ಚೀಲಕ್ಕೆ ಮಾತ್ರ ಯಾವ ಔಷಧಿಯೂ ಇಲ್ಲ. ಅದನ್ನು ಒಳ್ಳೆಯ ಮಾಲಿಗೆ ಬೆರೆಸಬೇಡಿ. ಅಂಥದ್ದನ್ನೂ ಶಾಯಿ ಚೂರನ್ನೂ ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಉರುವಲಾಗಿ ಕಳಿಸುವ ದಾರಿ ವಿಚಾರಿಸಿ. ಪಿಪಿಯ ಉರಿಯುವ ಶಕ್ತಿ ತೂಕಕ್ಕೆ ತೂಕ ಡೀಸೆಲ್ಲಿಗೆ ಸಮ ಇದೆ. ಹೊಲದಲ್ಲಿ ಸುಟ್ಟರೆ ಅದು ಬರೀ ಹೊಗೆ.

ದಾನವನ್ನು ಯಾರು ಕೊಳ್ಳುತ್ತಾರೆ? ಬಿಳಿ ಮಾಲಾದರೆ ಚೀಲ ಮಾಡುವವರೇ ಹೊಸದರ ಜೊತೆ ಸ್ವಲ್ಪ ಬೆರೆಸಲು ಕೊಳ್ಳುತ್ತಾರೆ. ಹಗ್ಗದವರು, ಡಬ್ಬ ಕಟ್ಟುವ ಪ್ಯಾಕಿಂಗ್ ಪಟ್ಟಿಯವರು ಒಳ್ಳೆಯ ಗಿರಾಕಿಗಳು. ಕಪ್ಪು ಮಾಲು ಹೂಕುಂಡ, ಕಸದ ಬುಟ್ಟಿ, ನರ್ಸರಿ ಟ್ರೇ, ಹ್ಯಾಂಗರ್, ಗಾರೆ ಬಾಣಲಿಗೆ ಹೋಗುತ್ತದೆ. ಊಟದ ತಟ್ಟೆ, ನೀರಿನ ಕೊಡ ಮಾಡುವವರು ಕೇಳಿದರೆ ಕೊಡಬೇಡಿ. ಗೊಬ್ಬರದ ಚೀಲದ ಪ್ಲಾಸ್ಟಿಕ್ ಅನ್ನಕ್ಕೆ ತಾಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಧಿಕಪ್ರಸಂಗದ ಮಾತು. ನೀವು ದಾನ ಮಾಡುವುದಕ್ಕಿಂತ ಮೊದಲು ಚೀಲವನ್ನು ಚೀಲವಾಗಿಯೇ ಮಾರಿ. ಲೆಕ್ಕ ನೋಡಿ. ದಾನಕ್ಕೆ ಕಿಲೋಗೆ 60 ರೂಪಾಯಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. 80 ಗ್ರಾಂ ಚೀಲದಲ್ಲಿರುವ ಮಾಲು ಹೆಚ್ಚೆಂದರೆ 4 ರೂಪಾಯಿ 80 ಪೈಸೆ. ಅದರಲ್ಲಿ ತೊಳೆದ ಖರ್ಚು, ಕರೆಂಟು, ಕೂಲಿ, ಸವಕಳಿ ಎಲ್ಲ ಹೋಗಬೇಕು. ಹರಿಯದ ಚೀಲವನ್ನು ಒದರಿ, ಒಳಮುಖ ಹೊರಗೆ ಮಾಡಿ, ಕಟ್ಟು ಕಟ್ಟಿ ಕೊಟ್ಟರೆ ಇಟ್ಟಿಗೆ ಚೂರು, ಮರಳು, ಗೊಬ್ಬರದ ಮಣ್ಣು ತುಂಬುವವರು ಅಷ್ಟನ್ನೇ ಕೊಡುತ್ತಾರೆ, ಕೆಲವೊಮ್ಮೆ ಜಾಸ್ತಿಯೇ. ಯಂತ್ರ ಬೇಡ, ನೀರು ಬೇಡ. ಹರಿದದ್ದು, ತೂತಾದದ್ದು ಮಾತ್ರ ದಾನಕ್ಕೆ ಹೋಗಲಿ. ಗೊಬ್ಬರದ ಚೀಲವನ್ನು ಕಾಳು ತುಂಬಲು ಮಾತ್ರ ಮಾರಬೇಡಿ.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಒಂದು ಟನ್ ಮಾಲಿಗೆ 80 ಗ್ರಾಮಿನ ಚೀಲ 12,500 ಬೇಕು. ದಿನಕ್ಕೆ ಒಂದು ಟನ್ ಯಂತ್ರ ಅಂದರೆ ದಿನಾ ಅಷ್ಟು ಚೀಲ ಯಾರಾದರೂ ಆಯಬೇಕು, ಯಾರಾದರೂ ತರಬೇಕು. ಸಡಿಲ ಚೀಲ ತುಂಬಿದ ಟ್ರ್ಯಾಕ್ಟರ್ ಗಾಳಿಯನ್ನೇ ಹೊತ್ತು ತರುತ್ತದೆ. ಹಾಗಾಗಿ ನಿಮ್ಮ ಮೊದಲ ಯಂತ್ರ ಎಕ್ಸ್‌ಟ್ರೂಡರ್ ಅಲ್ಲ, ಒತ್ತಿ ಕಟ್ಟುವ ಬೇಲಿಂಗ್ ಪ್ರೆಸ್. ಆರು ತಿಂಗಳು ಆಯ್ದು, ಬಗೆಬಗೆಯಾಗಿ ಬೇಲ್ ಕಟ್ಟಿ, ಈಗಾಗಲೇ ದಾನ ಮಾಡುವವರಿಗೆ ಮಾರಿ. ಯಾವ ಮಾಲು ತಿಂಗಳಿಗೆ ಎಷ್ಟು ಸಿಗುತ್ತದೆ, ಸುಗ್ಗಿ ಮುಗಿದ ಮೇಲೆ ಎಷ್ಟು ಇಳಿಯುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಘಟಕ ಹಾಕಲು ಮತ್ತು ನಡೆಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಪ್ಲಾಸ್ಟಿಕ್ ಮರುಬಳಕೆದಾರರಾಗಿ ಕೇಂದ್ರ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಇದನ್ನು ಬರೀ ಕಿರಿಕಿರಿ ಅಂದುಕೊಳ್ಳಬೇಡಿ. 2022ರ ಫೆಬ್ರುವರಿಯ ನಿಯಮದ ಪ್ರಕಾರ ಪ್ಯಾಕಿಂಗ್ ಬಳಸುವ ಕಂಪನಿಗಳು ತಮ್ಮ ಪ್ಲಾಸ್ಟಿಕ್ಕಿಗೆ ತಾವೇ ಹೊಣೆ. ನೋಂದಾಯಿತ ಘಟಕ ಕೊಡುವ ಪ್ರಮಾಣಪತ್ರವನ್ನು ಅವು ದುಡ್ಡು ಕೊಟ್ಟು ಪಡೆಯುತ್ತವೆ. 2025-26ರಿಂದ ಮೃದು ಪ್ಯಾಕಿಂಗ್‌ನಲ್ಲಿ ನೂರಕ್ಕೆ 10 ಪಾಲು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು ಅನ್ನುವ ಗುರಿಯೂ ಅದರಲ್ಲೇ ಇದೆ. ಸಾಲಕ್ಕೆ ಕೊಪ್ಪಳದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಬಗ್ಗೆ ಕೇಳಿ. ಉತ್ಪಾದನಾ ಘಟಕಕ್ಕೆ 50 ಲಕ್ಷದ ಯೋಜನೆಯ ತನಕ ಅದರಲ್ಲಿ ಅವಕಾಶ ಇದೆ.

ಯಂತ್ರ ಕೊಳ್ಳುವ ದಿನ ಬಂದಾಗ ಮಾರುವವರ ಶೆಡ್ಡಿಗೆ ನಿಮ್ಮದೇ ಚೀಲದ ಬೇಲ್ ಹೊತ್ತು ಹೋಗಿ. ಅವರು ತೋರಿಸುವ ಹೊಸ ಬಿಳಿ ಚೂರಿನ ಮೇಲೆ ಟ್ರಯಲ್ ಬೇಡ. ಅತಿ ಕೊಳಕು ಬೇಲ್ ಒಂದು, ಬಣ್ಣದ ಅಕ್ಕಿ ಚೀಲದ್ದು ಒಂದು ಇರಲಿ. ಹಾಕಿದ್ದು ಎಷ್ಟು ಕಿಲೋ, ಬಂದ ದಾನ ಎಷ್ಟು ಕಿಲೋ, ಎಷ್ಟು ಯೂನಿಟ್ ಕರೆಂಟ್, ಎಷ್ಟು ಸಲ ಜಾಲರಿ ಬದಲಾಯಿತು, ನಿಂತು ಬರೆದುಕೊಳ್ಳಿ. ಒಂದು ಮುಷ್ಟಿ ದಾನ ಜೇಬಿಗೆ ಹಾಕಿಕೊಂಡು ಬಂದು ಸಿಪೆಟ್‌ಗೆ ಕಳಿಸಿ. ಮುಂಗಡದ ಚೆಕ್ಕನ್ನು ಆ ರಿಪೋರ್ಟ್ ಬಂದ ಮೇಲೆ ಬರೆಯಿರಿ.